ಮನೆಯ ಗೋಡೆ, ಅರಮನೆಯ ಗೋಡೆ

ಬಸ್ಸು ತಿಪಟೂರು ದಾಟಿ ತುರುವೇಕೆರೆ ರಸ್ತೆ ಹಿಡಿದಾಗ ಇನ್ನೂ ನಸುಕು. ಎರಡೂ ಬದಿಗೆ ತೆಂಗು, ಆ ತೆಂಗಿನ ಹಿಂದೆ ಮತ್ತೆ ತೆಂಗು. ಸುಲಿದು ಬಿಟ್ಟ ಮಟ್ಟೆಗಳ ರಾಶಿ ರಸ್ತೆ ಬದಿಯಲ್ಲಿ ಇಬ್ಬನಿಗೆ ಕಪ್ಪಾಗಿದೆ. ತೋಟದ ಮನೆಗಳಲ್ಲಿ ಒಂದೊಂದೇ ದೀಪ ಹತ್ತುತ್ತಿದೆ. ಆ ಮನೆಗಳ ಅಟ್ಟದ ಮೇಲೆ ಕಾಯಿಗಳು ಹತ್ತು ಹನ್ನೊಂದು ತಿಂಗಳು ಮಲಗಿ, ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಉಂಡೆ ಕೊಬ್ಬರಿಯಾಗುತ್ತಿವೆ. ಅಲುಗಿಸಿದರೆ ಗಡಗಡ ಅನ್ನಬೇಕು. ಅಲ್ಲಿಯ ತನಕ ನಮ್ಮ ಸೀಮೆಯಲ್ಲಿ ಯಾರೂ ಅವಸರ ಮಾಡುವುದಿಲ್ಲ.

ಪಕ್ಕದ ಸೀಟಿನಲ್ಲಿ ದೊಡ್ಡಮ್ಮ. ಚಿಕ್ಕನಾಯಕನಹಳ್ಳಿಯಿಂದ ಹಿಂದಿನ ಸಂಜೆಯೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದಾಳೆ. ಅವಳ ತೊಟ್ಟಿಮನೆಯನ್ನು ಕೆಡವಿ ಹೊಸ ಮನೆ ಕಟ್ಟುವ ಮಾತು ನಡೆದಿದೆ. ಕಂಬ, ಬಾಗಿಲು, ತೊಲೆಗಳಿಗೆ ಬೆಲೆ ಕಟ್ಟಲು ಬಂದ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ದೇವರ ಕೋಣೆಯ ಲಕ್ಷ್ಮಿ ಪಟದ ಮುಂದೆ ಬಹಳ ಹೊತ್ತು ನಿಂತನಂತೆ. ಅದು ರವಿವರ್ಮ ಪ್ರೆಸ್ಸಿನ ಪಟ. ಲಕ್ಷ್ಮಿಯ ಸೀರೆಗೆ ನಮ್ಮ ಅಜ್ಜಿ ಜರಿ ಹೊಲಿದಿದ್ದಾಳೆ, ಕೊರಳಿಗೆ ಸಣ್ಣ ಮಣಿ ಪೋಣಿಸಿದ್ದಾಳೆ, ಕಿರೀಟದ ತುಂಬ ಚಮಕಿ. ವ್ಯಾಪಾರಿ ಹೋದ ಮೇಲೆ ದೊಡ್ಡಮ್ಮ ನನಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: “ಇದುನ್ನ ಬರ್ದೋರು ಕೈಯಾರೆ ಬರ್ದಿದ್ದು ಎಲ್ಲೈತೆ ಮಗಾ? ನೋಡ್ಬೇಕು ನಾನು.”

ಆ ಲಕ್ಷ್ಮಿಯ ಮೂಲಚಿತ್ರ ಇರುವುದು ದೂರದ ಬರೋಡದ ಅರಮನೆಯಲ್ಲಿ. ಆದರೆ ಚಿತ್ರಗಾರ ರವಿವರ್ಮರು ಕೈಯಾರೆ ಬರೆದದ್ದನ್ನು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಎಣ್ಣೆಬಣ್ಣದ ಚಿತ್ರಗಳಿವೆ. ಅರಸುಮನೆತನ ತನಗಾಗಿ ಬರೆಸಿ, ಕೊಂಡು, ಕೂಡಿಟ್ಟು, ಆಮೇಲೆ ಜನರಿಗೆ ಬಾಗಿಲು ತೆರೆದ ಸಂಗ್ರಹ ಅದು. ಅದನ್ನು ದುರಸ್ತಿಗೆ ಮುಚ್ಚುವ ಮೊದಲಿನ ದಿನಗಳವು; ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ.

ತುರುವೇಕೆರೆಯಲ್ಲಿ ಬಸ್ಸು ನಿಲ್ಲುತ್ತದೆ. ಹೂವಿನ ಬುಟ್ಟಿ, ಹಾಲಿನ ಕ್ಯಾನು, ಕಾಲೇಜಿನ ಹುಡುಗರು ಹತ್ತುತ್ತಾರೆ. ಹೊಯ್ಸಳರ ಕಾಲದ ಅಗ್ರಹಾರ ಈ ಊರು. ಚೆನ್ನಕೇಶವನ ಗುಡಿ, ಮೂಲೆ ಶಂಕರೇಶ್ವರನ ಗುಡಿ, ಗಂಗಾಧರೇಶ್ವರನ ಎದುರು ಕನ್ನಡಿಯ ಹೊಳಪಿನ ಕಪ್ಪುಕಲ್ಲಿನ ಬಸವ, ಎಲ್ಲವೂ ಈ ರಸ್ತೆಯಿಂದ ಕೂಗಳತೆಯಲ್ಲಿವೆ. ತೆಂಗಿನ ನಾಡಿನವರಿಗೆ ಕಲೆ ನೋಡುವುದು ಹೊಸತಲ್ಲ. ನಾನು ಮೊದಲು ತಲೆಯೆತ್ತಿ ನೋಡಲು ಕಲಿತದ್ದು ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ. ಅಲ್ಲಿನ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ ಒಂಬತ್ತನೆಯ ಶತಮಾನದ ಶಿಲ್ಪಿಗಳು ನಡುವೆ ಕುಣಿಯುವ ಶಿವನನ್ನೂ ಅವನ ಜೊತೆ ವಾದ್ಯದವರನ್ನೂ ಸುತ್ತ ಎಂಟು ದಿಕ್ಕಿನ ಒಡೆಯರನ್ನೂ ಕಡೆದಿದ್ದಾರೆ. ಕತ್ತು ನೋಯುವ ತನಕ ನೋಡಿದರೂ ಮುಗಿಯದು. ಅದನ್ನು ಕಂಡ ಕಣ್ಣಿಗೆ ಅರಮನೆಯ ಚಿತ್ರಗಳೂ ಪರಕೀಯ ಅನ್ನಿಸಬೇಕಿಲ್ಲ ಎಂಬ ಧೈರ್ಯ ನನ್ನದು.

ಮಾಯಸಂದ್ರ ದಾಟಿದ ಮೇಲೆ ತೆಂಗು ತೆಳುವಾಗುತ್ತದೆ, ರಾಗಿ ಹೊಲ ಹೆಚ್ಚುತ್ತದೆ. ನಾಗಮಂಗಲ ಕಳೆದು ಕಾವೇರಿ ಸೀಮೆಗೆ ಇಳಿದಂತೆ ಕಬ್ಬು, ಭತ್ತ, ನೀರಿನ ಕಾಲುವೆ. ದೊಡ್ಡಮ್ಮ ಕಿಟಕಿ ಬಿಟ್ಟು ಕದಲುವುದಿಲ್ಲ. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಹೊಳೆಗೆ ಕೈಮುಗಿದು, ಸೆರಗಿನ ಗಂಟಿನಿಂದ ಒಂದು ನಾಣ್ಯ ತೆಗೆದು ಎಸೆಯುತ್ತಾಳೆ.

ಮೈಸೂರಿನಲ್ಲಿ ಇಳಿದು ಆಟೋ ಹಿಡಿಯುತ್ತೇವೆ. ದೊಡ್ಡ ಅರಮನೆಯ ಪಶ್ಚಿಮಕ್ಕೆ, ಪೇಟೆಯ ಸದ್ದು ತುಸು ತಗ್ಗುವ ಕಡೆ, ಜಗನ್ಮೋಹನ ಅರಮನೆ ನಿಂತಿದೆ. ಎದುರಿಗೆ ಕೈತೋಟ, ಅದರಾಚೆ ಕಮಾನುಗಳ ಸಾಲು, ಗಾರೆಯ ಕುಸುರಿ ಕೆಲಸದ ಎತ್ತರದ ಮುಂಭಾಗ. ಅಂಬಾವಿಲಾಸ ಎಂಬ ಆ ದೊಡ್ಡ ಅರಮನೆಯ ಭಾರಿತನ ಇದಕ್ಕಿಲ್ಲ. ಮನುಷ್ಯರು ಬಾಳಿದ ಮನೆ ಎಂದು ನೋಡಿದೊಡನೆ ತಿಳಿಯುತ್ತದೆ.

“ಇದೇನಾ ಅರಮನೆ?” ದೊಡ್ಡಮ್ಮ ಕೇಳುತ್ತಾಳೆ.

“ಇದು ಅರಮನೆಯೋರ ಇನ್ನೊಂದು ಮನೆ ದೊಡ್ಡಮ್ಮ.”

ಟಿಕೆಟ್ಟು ಕೊಂಡು ಒಳಗೆ ನಡೆಯುತ್ತೇವೆ. ಮೊದಲು ಸಿಗುವುದು ದೊಡ್ಡ ಸಭಾಂಗಣ. ಬಣ್ಣದ ಗಾಜಿನಿಂದ ಇಳಿದ ಬೆಳಕು ನೆಲದ ಮೇಲೆ ತುಂಡುತುಂಡಾಗಿ ಬಿದ್ದಿದೆ. 1902ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಲಾರ್ಡ್ ಕರ್ಜನ್ ಎದುರಿನಲ್ಲಿ ರಾಜ್ಯಾಧಿಕಾರ ವಹಿಸಿಕೊಂಡದ್ದು ಇಲ್ಲಿ. ಮೈಸೂರು ಸಂಸ್ಥಾನದ ಶಾಸನ ಪರಿಷತ್ತು 1907ರಲ್ಲಿ ದಿವಾನರ ಅಧ್ಯಕ್ಷತೆಯಲ್ಲಿ ಮೊದಮೊದಲ ಅಧಿವೇಶನ ನಡೆಸಿದ್ದೂ ಇಲ್ಲೇ. ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳೂ ಈ ಚಾವಣಿಯ ಕೆಳಗೆ ನಡೆದವು. ಆಮೇಲೆ ಹಾಡು, ಕುಣಿತ, ನಾಟಕ, ಸನ್ಮಾನಗಳಿಗೆ ಊರಿನವರು ಸೇರುತ್ತಿದ್ದುದೂ ಇದೇ ಜಾಗದಲ್ಲಿ.

ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು, 1861ರಲ್ಲಿ. ಅವರ ಬದುಕನ್ನು ತಿಳಿಯದೆ ಈ ಮನೆಯನ್ನು ನೋಡಿದರೆ ಅರ್ಧ ಮಾತ್ರ ನೋಡಿದಂತೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. ಅರಸನೆಂಬ ಹೆಸರು ಉಳಿಯಿತು, ಆಳುವ ಕೆಲಸ ಹೋಯಿತು. ಮುಂದೆ 1868ರಲ್ಲಿ ತೀರಿಕೊಳ್ಳುವ ತನಕ ಅವರು ವಿದ್ವಾಂಸರನ್ನು, ಚಿತ್ರಗಾರರನ್ನು, ವೈಣಿಕರನ್ನು ಸುತ್ತ ಕೂಡಿಸಿಕೊಂಡರು. ದೇವತೆಗಳ ರೂಪ, ರಾಗಗಳ ರೂಪ, ಆಟಗಳ ಲೆಕ್ಕಾಚಾರ ಎಲ್ಲವನ್ನೂ ಚಿತ್ರಗಳ ಸಮೇತ ಹಿಡಿದಿಟ್ಟ ‘ಶ್ರೀತತ್ತ್ವನಿಧಿ’ ಸಿದ್ಧವಾದದ್ದು ಅವರ ಆಸ್ಥಾನದಲ್ಲಿ. ಗಂಜೀಫಾ ಎಲೆಗಳಿಗೆ, ಹಾಸಿನ ಆಟಗಳಿಗೆ ಹೊಸ ಹೊಸ ಬಗೆಗಳನ್ನು ಅವರೇ ಯೋಚಿಸಿ ಮಾಡಿಸಿದರು. ಕಸಿದುಕೊಳ್ಳಲಾಗದ ರಾಜ್ಯವೊಂದನ್ನು ಅವರು ಕಟ್ಟಿದ್ದು ಬಣ್ಣ, ಕಾಗದ, ಗಂಧ ಮತ್ತು ದಂತದಲ್ಲಿ.

ದಶಾವತಾರ ಕೆತ್ತಿದ ಮರದ ಬಾಗಿಲಿನ ಎದುರು ದೊಡ್ಡಮ್ಮ ನಿಲ್ಲುತ್ತಾಳೆ. ಮೀನು, ಆಮೆ, ಹಂದಿ, ನರಸಿಂಹ ಎಂದು ಮೆಲ್ಲಗೆ ಎಣಿಸುತ್ತಾಳೆ. “ನಮ್ಮನೆ ಬಾಗ್ಲಲ್ಲಿ ಬರೀ ಗಜಲಕ್ಷ್ಮಿ ಐತೆ. ಅದುನ್ನೂ ಕೇಳ್ದ ಆ ವ್ಯಾಪಾರಿ.”

ಒಳಗೆ ಮೊಬೈಲು ತೆಗೆಯುವಂತಿಲ್ಲ, ಫೋಟೊ ಹಿಡಿಯುವಂತಿಲ್ಲ. ಇದು ಒಳ್ಳೆಯದೇ ಆಯಿತು. ಕೈಗಳು ಸುಮ್ಮನಾದರೆ ಕಣ್ಣು ಕೆಲಸ ಮಾಡುತ್ತದೆ. ಬೇರೆಡೆ ನಿಮಿಷಕ್ಕೊಂದು ಚಿತ್ರ ಕ್ಲಿಕ್ಕಿಸಿ ಮುಂದೆ ಹೋಗುವ ಹುಡುಗರೂ ಇಲ್ಲಿ ಪಟದ ಎದುರು ಹೆಜ್ಜೆ ನಿಧಾನಿಸುತ್ತಾರೆ.

ಕೆಳಗಿನ ಅಂತಸ್ತಿನಲ್ಲಿ ಒಂದು ಫ್ರೆಂಚ್ ಗಡಿಯಾರದ ಸುತ್ತ ಮಕ್ಕಳು ಮುತ್ತಿಕೊಂಡಿದ್ದಾರೆ. ಅದರಲ್ಲಿ ಕ್ಷಣಗಳು ಡೋಲಿನ ಬಡಿತದಲ್ಲಿ ಸಾಗುತ್ತವೆ. ಗಂಟೆಯಾದಾಗ ಪುಟ್ಟ ಸೈನಿಕರು ಸಾಲಾಗಿ ಹೊರಟು ಬರುತ್ತಾರೆ. ಆಚೆ ಅಕ್ಕಿಕಾಳಿನ ಮೇಲೆ ಬರೆದ ಚಿತ್ರಗಳು. ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ. ಗಂಧದ ಕೆತ್ತನೆ, ದಂತದ ಕೆಲಸ, ಪಿಂಗಾಣಿ, ಹಳೆಯ ಆಯುಧ, ಮೇಲಿನ ಅಂತಸ್ತಿನಲ್ಲಿ ಹಿತ್ತಾಳೆ ಸಾಮಾನು, ವಾದ್ಯಗಳು. ಮನೆಯೊಂದರಲ್ಲಿ ತಲೆಮಾರುಗಳು ಕೂಡಿಡುವ ವಸ್ತುಗಳೆಲ್ಲ ಇಲ್ಲಿವೆ, ಅರಸರ ಅಳತೆಯಲ್ಲಿ.

ಈ ಮನೆ ನಿಜಕ್ಕೂ ಮನೆಯಾಗಿ ಹೊತ್ತಿಗೆ ಒದಗಿದ್ದು 1897ರಲ್ಲಿ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಆಗ ರಾಜ್ಯಭಾರ ನೋಡುತ್ತಿದ್ದವರು ವಾಣಿವಿಲಾಸ ಸನ್ನಿಧಾನ, ನಾಲ್ವಡಿಯವರ ತಾಯಿ. ಹೊಸ ಅರಮನೆಯ ನಕ್ಷೆಯನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ವಹಿಸಿದರು. 1912ರಲ್ಲಿ ಅದು ಪೂರ್ತಿಯಾಗುವ ತನಕ ರಾಜಕುಟುಂಬ ಇದ್ದದ್ದು ಜಗನ್ಮೋಹನದಲ್ಲಿ. ಅವರು ಹೊಸ ಮನೆಗೆ ಹೋದ ಮೇಲೆ, 1915ರಲ್ಲಿ, ಈ ಮನೆ ಚಿತ್ರಶಾಲೆಯಾಯಿತು. 1924ರ ಹೊತ್ತಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಬಂದು ಆ ಕಾಲದ ಹೊಸ ಭಾರತೀಯ ಚಿತ್ರಗಳನ್ನು ಇಲ್ಲಿಗೆ ಸೇರಿಸಲು ನೆರವಾದರು. ಬಂಗಾಳದ ಅವನೀಂದ್ರನಾಥ ಠಾಕೂರರ ಬಳಗದ ಕೆಲಸ ಮೈಸೂರಿನ ಗೋಡೆಗೆ ಬಂತು. 1955ರಲ್ಲಿ ಇದಕ್ಕೆ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆ ಎಂದು ಹೆಸರಾಯಿತು.

ದೊಡ್ಡಮ್ಮನಿಗೆ ಈ ಇಸವಿಗಳನ್ನೆಲ್ಲ ಹೇಳಿ ದಣಿಸುವುದಿಲ್ಲ. ಬೆಂಕಿಯ ವಿಷಯ ಮಾತ್ರ ಹೇಳುತ್ತೇನೆ. “ಪಾಪ, ಮದುವೆ ಮನೇಲಿ,” ಎನ್ನುತ್ತಾಳೆ. ಸ್ವಲ್ಪ ಹೊತ್ತು ಬಿಟ್ಟು, “ಮನೆ ಹೋದ್ರೂ ಇರಾಕೆ ಇನ್ನೊಂದು ಇತ್ತಲ್ಲ, ಸದ್ಯ.”

ಈಗ ರವಿವರ್ಮರ ಚಿತ್ರಗಳ ಎದುರಿಗೆ ಬಂದಿದ್ದೇವೆ.

ದೊಡ್ಡಮ್ಮ ಮೊದಲು ಹಿಂದೆ ಸರಿಯುತ್ತಾಳೆ. ಅವಳು ನಿರೀಕ್ಷಿಸಿದ್ದು ತನ್ನ ಮನೆಯ ಪಟದ ಅಳತೆಯನ್ನು. ಇಲ್ಲಿ ಹೆಂಗಸರು ಬಹುಮಟ್ಟಿಗೆ ಅವಳಷ್ಟೇ ಎತ್ತರವಿದ್ದಾರೆ ಅನ್ನಿಸುವಷ್ಟು ಹತ್ತಿರವಾಗಿ ಚೌಕಟ್ಟಿನೊಳಗೆ ಕೂತಿದ್ದಾರೆ, ನಿಂತಿದ್ದಾರೆ. 1889ರ ಸುಮಾರಿಗೆ ಬರೆದ ‘ಗ್ಯಾಲಕ್ಸಿ ಆಫ್ ಮ್ಯುಸಿಶಿಯನ್ಸ್’ ಎಂಬ ಚಿತ್ರ ಇದು. ಹನ್ನೊಂದು ಜನ ಹೆಣ್ಣುಮಕ್ಕಳು. ಒಬ್ಬಳ ಮಡಿಲಲ್ಲಿ ವೀಣೆ. ಉಡುಗೆ ನೋಡಿದರೆ ಕೇರಳದವಳು. ಒಬ್ಬಳು ಮರಾಠಿ ಕಚ್ಚೆ ಉಟ್ಟಿದ್ದಾಳೆ, ಒಬ್ಬಳು ಮುಸಲ್ಮಾನರ ಉಡುಗೆಯಲ್ಲಿದ್ದಾಳೆ, ಒಬ್ಬಳು ಪಾರ್ಸಿ, ಒಬ್ಬಳ ತಲೆಯ ಮೇಲೆ ದೊರೆಸಾನಿಯ ಟೋಪಿ. ದೇಶದ ಮೂಲೆಮೂಲೆಯ ಹೆಂಗಸರು ಒಂದೇ ಜಮಖಾನೆಯ ಸುತ್ತ ಕಚೇರಿಗೆ ಕೂಡಿದ್ದಾರೆ. ದೇಶ ಎಂಬ ಮಾತು ರಾಜಕೀಯದಲ್ಲಿ ಬಲಿಯುವ ಮೊದಲೇ ಚಿತ್ರಗಾರನೊಬ್ಬ ಅದನ್ನು ಸೀರೆಗಳಲ್ಲಿ, ವಾದ್ಯಗಳಲ್ಲಿ ಹೀಗೆ ಕೂಡಿಸಿ ನೋಡಿದ್ದಾರೆ.

ರವಿವರ್ಮರನ್ನು 1885ರಲ್ಲಿ ಮೈಸೂರಿಗೆ ಕರೆಸಿದವರು ಚಾಮರಾಜೇಂದ್ರ ಒಡೆಯರು. ಅಂದಿನಿಂದ ಈ ಮನೆತನಕ್ಕೂ ಆ ಕೈಗೂ ನಂಟು. ಚಿತ್ರಗಾರರ ಕೊನೆಯ ವರ್ಷಗಳಲ್ಲಿ ಮೈಸೂರಿಗಾಗಿ ಪುರಾಣದ ಚಿತ್ರಗಳು ಬಂದವು. ಅವುಗಳಲ್ಲಿ ಎರಡು 1906ರವು. ಒಂದರಲ್ಲಿ ಕೃಷ್ಣ ಸಂಧಾನಕ್ಕೆ ಹೋಗಿ ಕೌರವರ ಸಭೆಯಲ್ಲಿದ್ದಾನೆ. ಇನ್ನೊಂದರಲ್ಲಿ ರಾಮ ಸಮುದ್ರದ ಸೊಕ್ಕಡಗಿಸಲು ನಿಂತಿದ್ದಾನೆ, ಅಲೆಗಳು ಮೇಲೆದ್ದಿವೆ. ಬರೆದವರು ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡರು. ಚಿತ್ರಗಳಿಗೆ ಜೊತೆಯಾಗಿ ದುಡಿದ ತಮ್ಮ ರಾಜರಾಜವರ್ಮ ಹಿಂದಿನ ವರ್ಷವೇ ಹೋಗಿದ್ದರು. ಆ ದುಃಖದ ನಡುವೆ ಬರೆದ ಅಲೆಗಳು ಇವು ಎಂದು ತಿಳಿದು ನೋಡಿದಾಗ ರಾಮನ ಮುಖದ ಗಟ್ಟಿತನ ನನಗೆ ಬೇರೆಯಾಗಿಯೇ ಕಾಣುತ್ತದೆ.

ದೊಡ್ಡಮ್ಮ ಮಾತ್ರ ಹೆಂಗಸರ ಚಿತ್ರಕ್ಕೇ ಮರಳಿ ಹೋಗಿದ್ದಾಳೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಸೀರೆಯ ಅಂಚಿನ ಮೇಲೆ ಕಣ್ಣು ನೆಟ್ಟಿದ್ದಾಳೆ.

“ಇಲ್ಲಿ ಜರಿ ಹೊಲ್ದಿಲ್ಲ.”

“ಇಲ್ಲ ದೊಡ್ಡಮ್ಮ. ಬಣ್ಣ ಅಷ್ಟೇ.”

“ಬಣ್ಣದಾಗೇ ಹೊಳಿಯಂಗೆ ಮಾಡವ್ರೆ.” ಅವಳು ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ, ಕಾವಲಿನವರು ನೋಡಿದಾಗ ನಿಲ್ಲುತ್ತಾಳೆ. “ನಮ್ಮಮ್ಮ ಅದಕ್ಕೇ ಹೊಲಿದ್ಲೇನೋ. ಪಟದಾಗೆ ಈ ಹೊಳಪು ಬಂದಿರ್ಲಿಲ್ಲ. ಅಲ್ಲೇನೋ ಕಮ್ಮಿ ಐತೆ ಅಂತ ಅವ್ಳಿಗೆ ಕಂಡೈತೆ.”

ನಾನು ಓದಿದ ಯಾವ ಪುಸ್ತಕವೂ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದರು. ಆಮೇಲೆ ಅದು ಲೋಣಾವಳದ ಹತ್ತಿರಕ್ಕೆ ಹೋಯಿತು, 1903ರಲ್ಲಿ ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ತಜ್ಞನ ಕೈ ಸೇರಿತು. ಕಲ್ಲಿನ ಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಮಾಡಿ, ಒಂದರ ಮೇಲೊಂದು ಒತ್ತಿ ಪಟ ತೆಗೆಯುತ್ತಿದ್ದರು. ಅರಮನೆಗಳ ಒಳಗೆ ಇದ್ದ ಚಿತ್ರ ಹೀಗೆ ಹಳ್ಳಿಯ ದೇವರ ಕೋಣೆಗೆ ಬಂತು. ಗುಡಿಯ ಒಳಕ್ಕೆ ಬಿಟ್ಟುಕೊಳ್ಳದ ಜಾತಿಗಳ ಮನೆಗೂ ಲಕ್ಷ್ಮಿ, ಸರಸ್ವತಿ ಬಂದರು. ಆದರೆ ಅಚ್ಚಿನಲ್ಲಿ ಬಂಗಾರ ಮಂಕು, ರೇಷ್ಮೆ ಒಣಗಲು. ಆ ಕೊರತೆಯನ್ನು ತುಂಬಿದವರು ಮನೆಯ ಹೆಣ್ಣುಮಕ್ಕಳು. ಸೂಜಿ, ಜರಿ, ಮಣಿ, ಚಮಕಿ ಹಿಡಿದು, ಮೂಲಚಿತ್ರವನ್ನು ಒಂದು ದಿನವೂ ಕಾಣದೆಯೇ, ಮೂಲದ ಹೊಳಪನ್ನು ತಮ್ಮ ಕೈಯಿಂದ ಮರಳಿ ತಂದರು. ಅಚ್ಚುಕೂಟದಿಂದ ಸಾವಿರಾರು ಪಟಗಳು ಒಂದೇ ಥರ ಹೊರಟವು. ಮನೆ ಸೇರಿದ ಮೇಲೆ ಒಂದರ ಹಾಗೆ ಇನ್ನೊಂದು ಉಳಿಯಲಿಲ್ಲ. ಚಿಕ್ಕನಾಯಕನಹಳ್ಳಿಯ ದೇವರ ಕೋಣೆಯಲ್ಲಿರುವುದು ನಕಲು ಅಲ್ಲ. ಅದು ಇಬ್ಬರು ಕೂಡಿ ಮಾಡಿದ ಕೆಲಸ. ಒಬ್ಬರ ಹೆಸರು ಲೋಕಕ್ಕೆ ಗೊತ್ತು, ಇನ್ನೊಬ್ಬಳು ನನ್ನ ಅಜ್ಜಿ.

ಪಕ್ಕದಲ್ಲಿ ಒಂದು ಕತ್ತಲು ಮಾಡಿದ ಜಾಗ, ಪರದೆ. ಒಳಗೆ ಹೋದವರು ಒಮ್ಮೆಲೇ ಮಾತು ನಿಲ್ಲಿಸುತ್ತಾರೆ. ದೀಪ ಹಿಡಿದ ಹೆಣ್ಣುಮಗಳು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ, ಗಾಳಿಗೆ ಅಡ್ಡವಾಗಿ ಇನ್ನೊಂದು ಕೈ. ಬೆಳಕು ಬೆರಳ ಸಂದಿಯಿಂದ ಸೋಸಿ ಬಂದು, ಬೆರಳಿನ ಮಾಂಸವೇ ಕೆಂಪಗೆ ಬೆಳಗಿ, ಮುಖವನ್ನು ಮುಟ್ಟಿದೆ.

“ಇದೂ ರವಿವರ್ಮಂದೇ ಅಲ್ವಾ? ನಮ್ಮ ಮಂಡಿ ಕ್ಯಾಲೆಂಡರಿನಾಗೆ ಇತ್ತು.”

ಹಾಗೆ ತಿಳಿದವರು ಊರೆಲ್ಲ ಇದ್ದಾರೆ. ಆದರೆ ಇದು ಎಸ್.ಎಲ್. ಹಳದಣಕರ್ ಅವರದು. ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಚಿತ್ರಗಾರ. 1940ರ ದಶಕದ ನಡುವಿನಲ್ಲಿ ಬರೆದದ್ದು. ದೀಪಾವಳಿಯ ದೀಪ ಹಿಡಿದ ಮಗಳು ಗೀತಾಳನ್ನು ಕಂಡು, ಅವಳನ್ನೇ ನಿಲ್ಲಿಸಿ ಬರೆದರು. ಆ ಗೀತಾ ಉಪಳೇಕರ್ ಕೊಲ್ಹಾಪುರದಲ್ಲಿ 102 ವರ್ಷದ ತುಂಬು ಬಾಳು ಬಾಳಿ 2018ರಲ್ಲಿ ಕಣ್ಮುಚ್ಚಿದರು. ನಾನು ಹೆಚ್ಚು ಬೆರಗುಪಟ್ಟದ್ದು ಇದು ಎಣ್ಣೆಬಣ್ಣವಲ್ಲ, ಜಲವರ್ಣ ಎಂಬುದಕ್ಕೆ. ಜಲವರ್ಣದಲ್ಲಿ ತಪ್ಪಿದರೆ ಮೇಲೆ ಬಣ್ಣ ಬಳಿದು ಮುಚ್ಚುವುದು ಕಷ್ಟ. ಬೆಳಕು ಬೇಕಾದಲ್ಲಿ ಕಾಗದವನ್ನೇ ಉಳಿಸಿಕೊಳ್ಳಬೇಕು, ರಂಗೋಲಿ ಹಾಕುವವಳು ಎಳೆಗಳ ನಡುವೆ ನೆಲ ಬಿಡುವ ಹಾಗೆ. ಈ ಜ್ವಾಲೆಯ ಬಿಳಿ, ಚಿತ್ರಗಾರ ಬರೆದದ್ದಕ್ಕಿಂತ ಹೆಚ್ಚಾಗಿ ಮುಟ್ಟದೆ ಬಿಟ್ಟದ್ದು.

ದೊಡ್ಡಮ್ಮ ಅರಿವಿಲ್ಲದೆ ತನ್ನ ಎಡಗೈಯನ್ನು ಅಡ್ಡ ಹಿಡಿದಿದ್ದಾಳೆ. “ತುಳಸಿಕಟ್ಟೆಗೆ ದೀಪ ತಗಂಡು ಹೋಗ್ವಾಗ ಹಿಂಗೇ ಹಿಡಿತೀವಿ. ಬೆರಳು ಹಿಂಗೇ ಕೆಂಪಗೆ ಕಾಣ್ತದೆ. ನಾನು ದಿನಾ ನೋಡೀನಿ, ನೋಡಿದ್ದೀನಿ ಅಂತ ಗೊತ್ತಿರ್ಲಿಲ್ಲ.”

ಹೊರಗೆ ಬಂದು, ರೋರಿಕ್ ಎಂಬ ಚಿತ್ರಗಾರರ ಹಿಮಾಲಯದ ನೀಲಿ ತುಂಬಿದ ಚಿತ್ರಗಳ ಮುಂದೆ ಹಾದು, ಮೇಲಿನ ರಂಗಮಹಲಿಗೆ ಹತ್ತುತ್ತೇವೆ. ಇಲ್ಲಿ ಚಿತ್ರಗಳು ಚೌಕಟ್ಟಿನಲ್ಲಿಲ್ಲ, ಗೋಡೆಯ ಮೈಮೇಲೇ ಇವೆ. ಮುಮ್ಮಡಿಯವರ ಕಾಲದ ಮೈಸೂರು ಶೈಲಿಯ ಬರವಣಿಗೆ. ‘ಸಂತಾನಾಂಬುಜ’ದಲ್ಲಿ ಒಡೆಯರ ವಂಶವೆಲ್ಲ ಒಂದು ತಾವರೆಯಾಗಿ ಅರಳಿದೆ. ನಡುವೆ ಅರಸರು, ಸುತ್ತ ಎಸಳೆಸಳಿನಲ್ಲೂ ಹೆಸರು. ಆಟಗಳ ಮನೆಗಳನ್ನೂ ಗೋಡೆಗೆ ಬರೆಸಿದ್ದಾರೆ. ಇದನ್ನು ಬರೆದವರು ಪೇಟೆಯಿಂದ ಬಣ್ಣ ಕೊಂಡು ತರಲಿಲ್ಲ. ಖನಿಜ, ಸೊಪ್ಪು, ಬೇರುಗಳಿಂದ ಬಣ್ಣ ತೆಗೆದರು, ಮಕ್ಕಿ ಸಫೇದ ಎಂಬ ಲೇಪ ಅರೆದು ತೆಳುವಾದ ಉಬ್ಬುಕೆಲಸ ಮಾಡಿ ಅದರ ಮೇಲೆ ಚಿನ್ನದ ರೇಕು ಅಂಟಿಸಿದರು. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲು ಕೂರಿಸುತ್ತಾರೆ. ಮೈಸೂರಿನದು ಸಣ್ಣ ಎಳೆ, ತಗ್ಗಿದ ದನಿ. ಅಡ್ಡಬೆಳಕಿನಲ್ಲಿ ನಿಂತರೆ ಮಾತ್ರ ಚಿನ್ನ ಎದ್ದು ಕಾಣುತ್ತದೆ. ದೊಡ್ಡಮ್ಮ ತಾನೇ ಅದನ್ನು ಕಂಡುಕೊಂಡು, ನನ್ನ ತೋಳು ಹಿಡಿದು ಸರಿಯಾದ ಜಾಗಕ್ಕೆ ಎಳೆದು ನಿಲ್ಲಿಸುತ್ತಾಳೆ.

ಕೆಳಗಿಳಿದು ಅಂಗಳದ ನೆರಳಿನಲ್ಲಿ ಕೂರುತ್ತೇವೆ. ಮನೆಯಿಂದ ತಂದ ಚಪಾತಿ, ಕೊಬ್ಬರಿ ಚಟ್ನಿಪುಡಿ ಬಿಚ್ಚುತ್ತೇವೆ. ದೊಡ್ಡಮ್ಮ ಯೋಚನೆಯಲ್ಲಿದ್ದಾಳೆ.

“ಮನೆ ಕೆಡವಿದ್ರೆ ಕೆಡವ್ಲಿ ಮಗಾ, ಸೂರು ಸೋರ್ತದೆ, ಹುಡುಗ್ರಿಗೂ ಕಷ್ಟ. ಆದ್ರೆ ಪಟ ಕೊಡಾಕಿಲ್ಲ. ನಮ್ಮಮ್ಮನ ಕೈ ಅದು.”

ಅವಳ ಈ ತೀರ್ಮಾನ ನಮ್ಮ ಇಡೀ ಸೀಮೆಯ ತೀರ್ಮಾನವಾಗಬೇಕು ಎಂಬುದು ನನ್ನ ಆಸೆ. ತಿಪಟೂರಿನ ಹಳೇ ಮಂಡಿಗಳಲ್ಲಿ, ತುರುವೇಕೆರೆಯ ಬೀದಿಮನೆಗಳಲ್ಲಿ, ಚಿಕ್ಕನಾಯಕನಹಳ್ಳಿಯ ತೊಟ್ಟಿಗಳ ಸುತ್ತ ಇಂಥ ಪಟಗಳು ಇನ್ನೂ ತೂಗುತ್ತಿವೆ: ಜರಿ ಹೊಲಿದ ಲಕ್ಷ್ಮಿ, ಗಂಗಾವತರಣ, ಶಕುಂತಲೆ, ಕೊಬ್ಬರಿ ವ್ಯಾಪಾರಿಗಳು ಹಂಚಿದ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ದೇವರುಗಳು. ಕಲಬುರಗಿಯ ಎಸ್.ಎಂ. ಪಂಡಿತರಂಥ ದೊಡ್ಡ ಚಿತ್ರಗಾರರ ಕೆಲಸವೂ ನಾಡಿನ ಮನೆಗಳಿಗೆ ಬಂದದ್ದು ಕ್ಯಾಲೆಂಡರಿನ ದಾರಿಯಲ್ಲೇ. ಮನೆ ಕೆಡವಿದ ದಿನ ಇವು ಹಳೇ ಸಾಮಾನಿನ ಗಾಡಿ ಹತ್ತುತ್ತವೆ, ಇಲ್ಲವೇ ಮರದ ಬುಡ ಸೇರುತ್ತವೆ. ದೊಡ್ಡ ಊರುಗಳಲ್ಲಿ ಅವೇ ಪಟಗಳಿಗೆ ಚೌಕಟ್ಟು ಹಾಕಿ ಮಾರುತ್ತಾರೆ. ಯಾರ ಅಜ್ಜಿ ಹೊಲಿದದ್ದು ಎಂಬ ಮಾತು ಅಷ್ಟರಲ್ಲಿ ಅಳಿಸಿಹೋಗಿರುತ್ತದೆ.

ಕೂಡಿಡುವುದು ಅರಸರಿಗೆ ಮಾತ್ರ ಸಾಧ್ಯ ಎಂದುಕೊಳ್ಳಬೇಕಿಲ್ಲ. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕಿನ ನೌಕರರಾಗಿದ್ದವರು. ಕರಾವಳಿಯಲ್ಲಿ ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಕಂಡಲ್ಲಿ ಉಳಿಸಿ, ಅವುಗಳಿಂದಲೇ ‘ಹಸ್ತಶಿಲ್ಪ’ ಎಂಬ ತಮ್ಮ ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿ ಹೆರಿಟೇಜ್ ವಿಲೇಜ್ ಮಾಡಿದರು. ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್ ಒಂದು ಕಾಲಕ್ಕೆ ಸಿರಿವಂತರ ಬಂಗಲೆ. 2009ರಿಂದ ಅದು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಗಿ ಎಲ್ಲರಿಗೂ ತೆರೆದಿದೆ. ಅದೇ ಊರಿನ ಚಿತ್ರಕಲಾ ಪರಿಷತ್ತಿನಲ್ಲಿ ಕೇಜ್ರಿವಾಲ್ ಮನೆತನದ ಖಾಸಗಿ ಸಂಗ್ರಹ ಸಾರ್ವಜನಿಕರ ಕಣ್ಣಿಗೆ ಸಿಗುತ್ತಿದೆ. ತೆಂಗಿನ ನಾಡಿನಲ್ಲಿ ಒಂದೇ ಒಂದು ತೊಟ್ಟಿಮನೆಯನ್ನು ಕೆಡವದೆ ಉಳಿಸಿಕೊಂಡು, ಸುತ್ತಲ ಮನೆಗಳ ಪಟಗಳನ್ನು ಹೊಲಿದವಳ ಹೆಸರು, ಊರಿನ ಸಮೇತ ಅಲ್ಲಿ ತೂಗಹಾಕಿದರೆ, ನಮ್ಮ ಮಕ್ಕಳು ಶಾಲೆಯಿಂದ ನಡೆದೇ ಬಂದು ನೋಡಬಹುದು.

ಅಲ್ಲಿಯ ತನಕ ಮನೆಮನೆಯಲ್ಲೂ ಮಾಡಬಹುದಾದ ಕೆಲಸವಿದೆ. ಪಟವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ನೇರ ಬಿಸಿಲು ಬೀಳುವ, ನೀರು ಜಿನುಗುವ ಗೋಡೆಯಿಂದ ತೆಗೆದು ಬೇರೆ ಕಡೆ ಹಾಕಿ. ದೀಪದ ಹೊಗೆ ತಾಗದಷ್ಟು ದೂರವಿಡಿ. ಹೊಸ ಕಟ್ಟಿಗೆ ಹೊಂದಲಿ ಎಂದು ಅಂಚು ಕತ್ತರಿಸಬೇಡಿ. ಪ್ರೆಸ್ಸಿನ ಹೆಸರು, ಊರು ಇರುವುದು ಸಾಮಾನ್ಯವಾಗಿ ಆ ಕೆಳಗಿನ ಅಂಚಿನಲ್ಲೇ. ಮನೆಯ ಹಿರಿಯರು ಇರುವಾಗಲೇ ಪಟ ಯಾವಾಗ ಬಂತು, ಯಾರು ತಂದರು, ಯಾರು ಹೊಲಿದರು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ.

ದೊಡ್ಡಮ್ಮ ತನ್ನದನ್ನು ಅಲ್ಲೇ ಶುರುಮಾಡುತ್ತಾಳೆ. ನನ್ನ ಚೀಲದಿಂದ ನೋಟ್‌ಬುಕ್ಕು ತೆಗೆಸಿ, “ಬರ್ಕ ಮಗಾ,” ಎನ್ನುತ್ತಾಳೆ. ಅಜ್ಜಿಯ ಹೆಸರು, ತವರೂರು, ಜರಿ ತಂದ ಅಂಗಡಿಯ ಬೀದಿ, ಹೊಲಿಯುತ್ತಿದ್ದ ಹೊತ್ತು: ಮಧ್ಯಾಹ್ನ, ಅಟ್ಟದ ಕಾಯಿ ಇಳಿಸಿ ಸುಲಿಯುವವರಿಗೆ ಊಟ ಬಡಿಸಿ ಆದ ಮೇಲೆ. ನಾನು ಬರೆದುಕೊಳ್ಳುತ್ತೇನೆ. ಅವಳು ಒಂದೊಂದನ್ನೂ ಓದಿಸಿ, ತಿದ್ದಿಸಿ, ಮುಂದಿನದನ್ನು ಹೇಳುತ್ತಾಳೆ.